ಹೊಳೆ ಹೇಳಿ ಬರುತ್ತದೆ

(ಹಾರೂಗೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ಇದ್ದಲಿಯಿಂದ ಎಳೆದ ಒಂದು ಗೆರೆ ಇತ್ತು. 2005ರಲ್ಲಿ ಕೃಷ್ಣೆಯ ನೀರು ಮನೆಯೊಳಗೆ ಬಂದು ಇಳಿದ ಮೇಲೆ ಅಪ್ಪ ಎಳೆದ ಗೆರೆ ಅದು. ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಮುಂದೆ ಎರಡು ಸಲ ಮನೆಗೆ ಸುಣ್ಣ ಬಳಿದಾಗಲೂ ಆ ಗೆರೆಯಷ್ಟು ಜಾಗ ಬಿಟ್ಟು ಬಳಿಸಿದ. ಬಂದ ಬೀಗರಿಗೆ, ಹೊಸದಾಗಿ ಊರಿಗೆ ಬಂದ ಮಾಸ್ತರರಿಗೆ ಎಲ್ಲರಿಗೂ ತೋರಿಸುತ್ತಿದ್ದ. ಊರಿನ ಹೆಸರು ಹೇಳುವುದಿಲ್ಲ. ರಾಯಬಾಗ ತಾಲ್ಲೂಕಿನ ಹೊಳೆದಂಡೆಯಲ್ಲಿ ಇಂಥ ಗೆರೆ ಇಲ್ಲದ ಹಳ್ಳಿ ಇಲ್ಲ.

2019ರ ಆಗಸ್ಟ್ ಮೊದಲ ವಾರ. ಮೇಲೆ ಮಳೆ ನಿಂತಿರಲಿಲ್ಲ. ಕುಡಚಿ–ಉಗಾರ ಸೇತುವೆ ಮುಳುಗಿತ್ತು. ಹಿತ್ತಲಿಗೆ ನೀರು ಬಂತು, ದನದ ಕೊಟ್ಟಿಗೆಯ ಹೊಸ್ತಿಲಿಗೆ ಬಂತು. ಇದೇ ಹಾರೂಗೇರಿಯಲ್ಲಿರುವ ನಮ್ಮ ಅಕ್ಕ ದಿನಕ್ಕೆ ಹತ್ತು ಸಲ ಫೋನು ಮಾಡಿ ಕರೆದಳು. ಅಪ್ಪನದು ಒಂದೇ ಮಾತು: "ಗೆರಿ ದಾಟಿ ಹೊಳಿ ಎಂದೂ ಬಂದಿಲ್ಲವಾ ತಂಗಿ. ಗೆರಿ ಮುಟ್ಟಲಿ, ಆಮ್ಯಾಲ ನೋಡೂಣು." ರಾತ್ರಿ ಹನ್ನೊಂದಕ್ಕೆ ಗೆರೆ ಮುಟ್ಟಿತು. ಬೆಳಗಿನ ನಾಲ್ಕಕ್ಕೆ ಗೆರೆ ಕಾಣಲಿಲ್ಲ. ನಾವು ಮಾಳಿಗೆಯ ಮೇಲಿದ್ದೆವು. ಎರಡು ಎಮ್ಮೆಗಳ ಕಣ್ಣಿಯನ್ನು ಕತ್ತಲಲ್ಲಿ ಕುಡಗೋಲಿನಿಂದ ಕೊಯ್ದು ಬಿಟ್ಟವನು ನಾನೇ. ಅವು ಈಜುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು. ಮರುದಿನ ಬೋಟಿನಲ್ಲಿ ನಮ್ಮನ್ನು ಹೊರಗೆ ತಂದರು. ಒಂದು ಎಮ್ಮೆ ಎಂಟು ದಿನದ ಮೇಲೆ ಬೇರೆ ಊರಿನ ತೋಟದಲ್ಲಿ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಆ ಗೆರೆ ಇದ್ದ ಮಣ್ಣಿನ ಗೋಡೆಯೇ ಕುಸಿದು ಕೂತಿತ್ತು.

ಆ ಗೆರೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅಪ್ಪ ಅದನ್ನು ಎಚ್ಚರಿಕೆಗೆಂದೇ ಎಳೆದಿದ್ದ. ಹದಿನಾಲ್ಕು ವರ್ಷದಲ್ಲಿ ಅದು ಧೈರ್ಯದ ಗೆರೆಯಾಗಿಬಿಟ್ಟಿತ್ತು. ಸಾಂಗ್ಲಿಯ ಐರ್ವಿನ್ ಸೇತುವೆಯ ಮಾಪಕದಲ್ಲಿ 2005ರ ಹೊಳೆ 53 ಅಡಿ ದಾಟಿತ್ತು, 2019ರದು 57 ಅಡಿ ದಾಟಿತು. ಆ ನಾಲ್ಕು ಅಡಿಯಲ್ಲಿ ನಮ್ಮಂಥ ಸಾವಿರಾರು ಮನೆಗಳು ಹೋದವು. ಹಿಂದಿನ ಆಪತ್ತನ್ನು ಕಂಡು ಉಳಿದವನೇ ಮುಂದಿನದಕ್ಕೆ ತಡಮಾಡುತ್ತಾನೆ, ತಾನು ಎಲ್ಲವನ್ನೂ ನೋಡಿದ್ದೇನೆ ಎಂಬ ನಂಬಿಕೆಯಿಂದ. ಇವತ್ತು ನಾನು ಮನೆ ಮನೆಯ ಸಿದ್ಧತೆಯ ಬಗ್ಗೆ ಮಾತನಾಡಲು ಬಂದದ್ದು ಆ ಎಮ್ಮೆಯ ಸಲುವಾಗಿ ಎಂದರೂ ತಪ್ಪಿಲ್ಲ.

ಎಲ್ಲ ಆಪತ್ತೂ ಹೇಳಿ ಬರುವುದಿಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ನಡುಗಿದ್ದು ಹೇಳಿ ಅಲ್ಲ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಜನ ಗಣಪತಿ ಕಳಿಸಿ ಬಂದು ಮಲಗಿದ್ದರು. ನಾಲ್ಕು ಗಂಟೆ ಹೊಡೆಯುವ ಮೊದಲೇ ಕಲ್ಲು-ಮಣ್ಣಿನ ಗೋಡೆಗಳು ಮೇಲೆ ಬಿದ್ದವು. ಆ ನಡುಕ ಉತ್ತರ ಕರ್ನಾಟಕಕ್ಕೂ ತಟ್ಟಿತ್ತು. ಭೂಕಂಪಕ್ಕೆ ಗಟ್ಟಿ ಗೋಡೆಯೊಂದೇ ಸಿದ್ಧತೆ. ಆದರೆ ಕೃಷ್ಣೆ ಹಾಗಲ್ಲ. ಕೃಷ್ಣೆ ಹೇಳಿ ಬರುವ ಹೊಳೆ.

ಮಹಾಬಳೇಶ್ವರದಲ್ಲಿ, ಕೊಯ್ನಾ ಕಣಿವೆಯಲ್ಲಿ ಬಿದ್ದ ಮಳೆ ಒಂದೇ ರಾತ್ರಿಗೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಕರಾಡದಲ್ಲಿ ಕೊಯ್ನಾ ಸೇರಬೇಕು. ಸಾಂಗ್ಲಿಯ ಹತ್ತಿರ ಹರಿಪುರದಲ್ಲಿ ವಾರಣಾ ಸೇರಬೇಕು. ನರಸೋಬವಾಡಿಯಲ್ಲಿ ಪಂಚಗಂಗೆ ಕೂಡಬೇಕು. ವೇದಗಂಗೆ ಭೋಜದ ಬಳಿ ದೂಧಗಂಗೆಗೆ ಸೇರಿ, ಆ ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಗೆ ಬಂದು ಬೀಳಬೇಕು. ಇಷ್ಟು ನೀರು ಕೂಡಿಕೊಂಡು ಅಂಕಲಿ, ಮಾಂಜರಿ ದಾಟಿ ಕುಡಚಿಗೆ ಬರುವಷ್ಟರಲ್ಲಿ ಮೇಲಿನ ಊರುಗಳೆಲ್ಲ ಸುದ್ದಿ ಕೊಟ್ಟಿರುತ್ತವೆ. ಕಲ್ಲೋಳ–ಯಡೂರ ಬಾಂದಾರ ಮುಳುಗಿತು ಎಂದರೆ ಮೊದಲ ಗಂಟೆ. ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಮುಳುಗಿದವು ಎಂದರೆ ದೂಧಗಂಗೆಯೂ ಎದ್ದಿದೆ ಎಂದು ಅರ್ಥ. ಇದನ್ನು ನಮ್ಮ ಭಾಗದ ಮಕ್ಕಳು ಮಗ್ಗಿಯ ಹಾಗೆ ಬಲ್ಲರು. ಬಲ್ಲದ್ದು ಒಂದು, ಅದರ ಮೇಲೆ ಎದ್ದು ಹೊರಡುವುದು ಇನ್ನೊಂದು.

ಈಗ ಮಳೆಗಾಲ ಬಂತೆಂದರೆ ಮೊಬೈಲಿನಲ್ಲಿ ಅಂಕಿಗಳ ಸುರಿಮಳೆ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ಕೊಯ್ನಾದಿಂದ ಇಷ್ಟು, ಹಿಪ್ಪರಗಿ ಇಷ್ಟು, ಆಲಮಟ್ಟಿ ಇಷ್ಟು. ಓದುತ್ತೇವೆ, ಮುಂದಿನವರಿಗೆ ಕಳಿಸುತ್ತೇವೆ. ಆ ಅಂಕಿ ನಮ್ಮ ಮನೆಯ ಮಟ್ಟಿಗೆ ಏನು ಹೇಳುತ್ತದೆ? ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು, ಎರಡು ಕೊಡಕ್ಕೆ ಸ್ವಲ್ಪ ಕಡಿಮೆ. 1 ಲಕ್ಷ ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಯಿತು. 4 ಲಕ್ಷ ಹರಿದರೆ ಮೂರು ದಿನದಲ್ಲಿ ಹತ್ತಿರ ಹತ್ತಿರ 104 ಟಿಎಂಸಿ. ಕೊಯ್ನಾ ಜಲಾಶಯ ಪೂರ್ತಿ ತುಂಬಿದರೆ ಹಿಡಿಯುವುದು 105. ಅಂದರೆ ಮೂರೇ ದಿನದಲ್ಲಿ ತುಂಬಿದ ಒಂದು ಕೊಯ್ನಾ ನಮ್ಮ ಕಬ್ಬಿನ ಹೊಲಗಳ ಮೇಲೆ ಹಾದುಹೋದಂತೆ. ಈ ಲೆಕ್ಕ ಒಮ್ಮೆ ತಲೆಯಲ್ಲಿ ಕೂತರೆ 'ಇಷ್ಟ ಅಲ್ಲೇನು' ಎಂಬ ಮಾತು ಬಾಯಿಗೆ ಬರುವುದಿಲ್ಲ.

ಹಾಗಾಗಿ ಹೊಳೆದಂಡೆಯ ಪ್ರತಿಯೊಂದು ಮನೆಯಲ್ಲೂ ಒಂದು ನೋಟುಪುಸ್ತಕ ಇರಲಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಹತ್ತು ರೂಪಾಯಿಯ ಪುಸ್ತಕ ಸಾಕು. ಹೊಳೆ ಬಂದಾಗ ಮೂರು ಅಂಕಿ ಬರೆಯಿರಿ: ಸಾಂಗ್ಲಿಯ ಐರ್ವಿನ್ ಸೇತುವೆಯ ಅಡಿ, ಕೊಲ್ಹಾಪುರದ ರಾಜಾರಾಮ ಬಾಂದಾರದ ಅಡಿ, ರಾಜಾಪುರದ ಕ್ಯುಸೆಕ್. ಐರ್ವಿನ್ನಿನಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಪಾಯದ್ದು. ರಾಜಾರಾಮದಲ್ಲಿ 39 ಮತ್ತು 43. ಪಂಚಗಂಗೆ ಸಾಂಗ್ಲಿಯ ಕೆಳಗೆ ಕೂಡುವುದರಿಂದ ಎರಡನ್ನೂ ನೋಡಬೇಕು. ಸಾಂಗ್ಲಿ ಇಳಿದರೂ ಕೊಲ್ಹಾಪುರ ಏರುತ್ತಿದ್ದರೆ ನಮಗೆ ಬಿಡುಗಡೆ ಇಲ್ಲ. ಪಕ್ಕದ ಸಾಲಿನಲ್ಲಿ ನಿಮ್ಮ ಮನೆಯ ಗುರುತು: ಇಂಥ ದಿನ ಇಂಥ ಹೊತ್ತಿಗೆ ಪಂಪಸೆಟ್ಟಿಗೆ ನೀರು, ಇಷ್ಟು ತಾಸಿನ ಮೇಲೆ ಊರ ರಸ್ತೆಗೆ, ಇಷ್ಟು ತಾಸಿನ ಮೇಲೆ ಹಿತ್ತಲಿಗೆ. ಮೂರು ಮಳೆಗಾಲ ಬರೆದರೆ ನಿಮ್ಮ ಮನೆಗೆ ಎಷ್ಟು ಹೊತ್ತಿನ ಬಿಡುವು ಇದೆ ಎಂಬುದು ನಿಮ್ಮದೇ ಕೈಬರಹದಲ್ಲಿ ಇರುತ್ತದೆ. ಅಪ್ಪನ ಗೆರೆ ನೀರು ಎಲ್ಲಿಗೆ ಬಂದಿತ್ತು ಎಂದಷ್ಟೇ ಹೇಳಿತು, ಯಾವಾಗ ಹೊರಡಬೇಕು ಎಂದು ಹೇಳಲಿಲ್ಲ. ಬರೆಯುವುದು ಹೊರಡುವ ಹೊತ್ತು ತಿಳಿಯಲೆಂದು.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ದೊಡ್ಡ ಸದ್ದು ಮಾಡಿ ನಡುಗಿದ್ದು ನಿಮಗೆ ನೆನಪಿರಬೇಕು. ಆಪತ್ತಿನ ಸಂದೇಶ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಬಹಳ ಜನ ಹೆದರಿ ಆ ಸೆಟ್ಟಿಂಗನ್ನು ಬಂದ್ ಮಾಡಿಬಿಟ್ಟರು. ದಯಮಾಡಿ ಮತ್ತೆ ಚಾಲು ಮಾಡಿಕೊಳ್ಳಿ. ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಇನ್ನು ದನದ ಮಾತು. ಮನೆಯ ಸಿದ್ಧತೆಯ ಬಗ್ಗೆ ಪಟ್ಟಣದವರು ಬರೆದ ಪುಸ್ತಕಗಳಲ್ಲಿ ಬ್ಯಾಟರಿ, ಮೇಣದ ಬತ್ತಿ, ಮುಲಾಮು ಎಲ್ಲ ಇರುತ್ತವೆ, ದನ ಇರುವುದಿಲ್ಲ. ನಮ್ಮಲ್ಲಿ ಜನ ಮನೆ ಬಿಟ್ಟು ಹೊರಡದೆ ಕೂಡುವುದು ಮನೆಯ ಮೋಹಕ್ಕಲ್ಲ, ದನದ ಸಲುವಾಗಿ. ಎರಡು ಎಮ್ಮೆ, ಒಂದು ಆಕಳು, ನಾಲ್ಕು ಆಡು: ವರ್ಷವಿಡೀ ಹಾಲಿನ ಡೇರಿಯ ರೊಕ್ಕದಲ್ಲಿ ಸಂಸಾರ ನಡೆಯುವ ಮನೆಗೆ ಅದೇ ಬ್ಯಾಂಕು. ಅದನ್ನು ಬಿಟ್ಟು ಬೋಟು ಹತ್ತಿರಿ ಎಂದರೆ ಯಾರೂ ಹತ್ತುವುದಿಲ್ಲ. ಹತ್ತದೆ ಕಡೆಯ ಗಳಿಗೆಯವರೆಗೆ ಕೂತು, ಆಮೇಲೆ ಎಲ್ಲರೂ ಒಂದೇ ಬೋಟಿಗೆ ನುಗ್ಗುವ ಸ್ಥಿತಿ ಬರುತ್ತದೆ. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಹಾಗೆ ತುಂಬಿದ ಬೋಟು ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದೂ ಇದೇ ಕೃಷ್ಣೆಯ ನೀರು, ನಮ್ಮ ಕಡೆಗೇ ಬರುತ್ತಿದ್ದ ನೀರು.

ಹಾಗಾದರೆ ಹೊರಡುವ ಕ್ರಮವನ್ನೇ ತಿರುವಿ ಹಾಕಬೇಕು. ಮೊದಲು ದನ, ಆಮೇಲೆ ಮುದುಕರು ಮತ್ತು ಮಕ್ಕಳು, ಕಡೆಗೆ ಗಟ್ಟಿಯಾಗಿರುವ ಇಬ್ಬರು. ರಸ್ತೆ ಇನ್ನೂ ಒಣಗಿದ್ದಾಗ ದನ ತಮ್ಮ ಕಾಲ ಮೇಲೆ ನಡೆದು ಹೋಗುತ್ತವೆ, ಯಾರ ಬೋಟೂ ಬೇಡ. ಎಲ್ಲಿಗೆ ಎಂಬುದು ಮಿರಗಕ್ಕೆ ಮೊದಲೇ ಮಾತಾಗಿರಬೇಕು: ಎತ್ತರದ ಊರಿನ ಯಾವ ಬೀಗರ ತೋಟಪಟ್ಟಿಯಲ್ಲಿ ಎಷ್ಟು ದನ ಕಟ್ಟಬಹುದು, ಮೇವು ಯಾರದು. ಬೀಗರೆದುರು ಇಂಥ ಮಾತು ತೆಗೆಯಲು ಸಂಕೋಚ ಪಡುವವರನ್ನು ನಾನು ಕಂಡಿದ್ದೇನೆ. ಮದುವೆಯ ಮಾತುಕತೆಗೆ ಕೂತಾಗ ಇಲ್ಲದ ಸಂಕೋಚ ಇಲ್ಲೇಕೆ? ಕಣಕಿಯ ಒಂದು ಸಣ್ಣ ಬಣವೆಯನ್ನು ಆ ತೋಟದಲ್ಲೇ ಬೇಸಿಗೆಯಲ್ಲಿ ಒಟ್ಟಿ ಬನ್ನಿ. ಮಳೆಗೆ ಮೊದಲು ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಹಾಕಿಸಿ. ಬೇರೆ ಬೇರೆ ಊರಿನ ದನ ಒಂದೇ ಕಡೆ ಕೆಸರಿನಲ್ಲಿ ನಿಂತಾಗ ಅಲ್ಲಿ ಮೊದಲು ಹಬ್ಬುವುದು ರೋಗ. ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿಯನ್ನು ಆ ನೋಟುಪುಸ್ತಕದಲ್ಲೇ ಬರೆದುಕೊಳ್ಳಿ. ಇಷ್ಟೆಲ್ಲ ಮಾಡಿಯೂ ಕಡೆಗೆ ಬಿಟ್ಟು ಓಡಲೇಬೇಕಾದ ಗಳಿಗೆ ಬಂದರೆ, ಕೈಯಾರೆ ಕಣ್ಣಿ ಬಿಚ್ಚಿ ಹೊರಡಿ. ಕಟ್ಟಿದ ದನಕ್ಕೆ ಈಜು ಬಂದೂ ಉಪಯೋಗವಿಲ್ಲ.

ಸಿದ್ಧತೆ ಎಂದಾಗ ನಮ್ಮ ಜನ ಇದು ನಮಗೆ ಗೊತ್ತಿಲ್ಲದ ವಿದ್ಯೆ, ಸಾಹೇಬರು ಬಂದು ಕಲಿಸಬೇಕು ಎಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂಡಿ ಕಟ್ಟಿದ ಮನೆತನಗಳು ಈ ಸಭೆಯಲ್ಲಿ ಎಷ್ಟಿವೆ! ಜಾತ್ರೆಗೆ ಹೊರಡುವಾಗ ಅವ್ವಂದಿರು ಏನು ಮಾಡುತ್ತಾರೆ? ಹಿಂದಿನ ವಾರವೇ ಖಡಕ್ ರೊಟ್ಟಿ ಬಡಿದು ಒಣಗಿಸಿ ಅರಿವೆಯಲ್ಲಿ ಕಟ್ಟುತ್ತಾರೆ. ಶೇಂಗಾ ಚಟ್ನಿ, ಪುಟಾಣಿ, ಚುರಮುರಿ, ಬೆಲ್ಲ. ಮೇಲೆ ಹೊದಿಸಲು ತಾಡಪತ್ರಿ, ಕೆಳಗೆ ಹಾಸಲು ಕೌದಿ, ನೀರಿಗೆ ಕೊಡ, ಒಲೆಗೆ ನಾಲ್ಕು ಕಟ್ಟಿಗೆ, ದನಕ್ಕೆ ಮೇವು, ಒಂದು ಹಗ್ಗ ಹೆಚ್ಚಿಗೆ. ಮಗುವಿನ ಔಷಧ ಸೀರೆಯ ಸೆರಗಿನ ಗಂಟಿನಲ್ಲಿ. ಒಂದು ಸಂಜೆಯಲ್ಲಿ ಇಡೀ ಸಂಸಾರ ಬಂಡಿ ಏರಿ, ಐದು ದಿನ ಬಯಲಲ್ಲಿ ಇದ್ದು, ಏನೂ ಕಳೆದುಕೊಳ್ಳದೆ ಮನೆಗೆ ಬರುತ್ತದೆ. ಜಗತ್ತಿನಲ್ಲಿ ಆಪತ್ತಿನ ಗಂಟು ಹೇಗೆ ಕಟ್ಟಬೇಕೆಂದು ಬರೆದದ್ದನ್ನೆಲ್ಲ ಓದಿ ನೋಡಿದ್ದೇನೆ, ಈ ಬಂಡಿಯಲ್ಲಿ ಇಲ್ಲದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಜಾತ್ರೆಯ ಬಂಡಿಯನ್ನು ಆಷಾಢಕ್ಕೆ ಮತ್ತೊಮ್ಮೆ ಕಟ್ಟಿ ಇಡಬೇಕು, ಅಷ್ಟೇ. 2019ರಲ್ಲಿ ಉತ್ತರ ಕರ್ನಾಟಕದ ಊರೂರುಗಳಿಂದ ನೆರೆಯ ಹಳ್ಳಿಗಳಿಗೆ ಟೆಂಪೋ ತುಂಬಿ ಬಂದದ್ದು ಇದೇ ರೊಟ್ಟಿ, ಇದೇ ಚಟ್ನಿ. ಒಲೆ ಹೊತ್ತಿಸಲು ಒಣ ಜಾಗವಿಲ್ಲದ ಹೊತ್ತಿನಲ್ಲಿ ಅಕ್ಕಿ-ಬೇಳೆಯ ಚೀಲ ಸುಮ್ಮನೆ ಕೂಡುತ್ತದೆ, ರೊಟ್ಟಿ ಕೈಗೆ ಬಂದ ಕೂಡಲೆ ಊಟ.

ಜಾತ್ರೆಯ ಬಂಡಿಯಲ್ಲಿ ಇಲ್ಲದ್ದು ಎರಡು. ಕಾಗದಪತ್ರ ಒಂದು, ಕುಡಿಯುವ ನೀರು ಇನ್ನೊಂದು. ಸುತ್ತ ಕಣ್ಣು ಹಾಯುವಷ್ಟು ದೂರ ನೀರಿದ್ದಾಗ ಮೊದಲು ತೀರುವುದು ಕುಡಿಯುವ ನೀರೇ. ಬಾವಿ, ಬೋರು, ಟಾಕಿ ಎಲ್ಲದರೊಳಗೂ ಹೊಳೆ ಹೊಕ್ಕಿರುತ್ತದೆ. ಐದು ಜನರ ಮನೆಗೆ ಕುಡಿಯಲಿಕ್ಕೇ ದಿನಕ್ಕೆ ಹದಿನೈದು ಲೀಟರ್ ಬೇಕು. ಇಪ್ಪತ್ತು ಲೀಟರಿನ ಒಂದು ಕ್ಯಾನು ಒಂದೂವರೆ ದಿನವೂ ಬರುವುದಿಲ್ಲ.

ಕಾಗದದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ನೀರು ಇಳಿದ ಮೇಲೆ ನಾವು ಹೆಚ್ಚು ನೊಂದದ್ದು ಅಲ್ಲಿ. 2019ರಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳಲ್ಲಿ ನೆರೆ ಬಂತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದದ್ದಕ್ಕೆ ಸರಕಾರ 5 ಲಕ್ಷ ರೂಪಾಯಿ ಕೊಟ್ಟಿತು. ದೊಡ್ಡ ಮೊತ್ತ, ಅದಕ್ಕೆ ನಾನು ಋಣಿ. ಆದರೆ ಆ ಎ, ಬಿ, ಸಿಯ ನಡುವೆ ಎಷ್ಟು ಮನೆಗಳ ನಸೀಬು ತೂಗಾಡಿತು! ನಮ್ಮ ಮನೆಯ ಉತಾರದಲ್ಲಿ ಇನ್ನೂ ಅಜ್ಜನ ಹೆಸರಿತ್ತು. ಅಜ್ಜ ತೀರಿ ಇಪ್ಪತ್ತು ವರ್ಷವಾಗಿತ್ತು. ಒಂದೇ ಸೂರಿನ ಕೆಳಗೆ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಕಾಗದದಲ್ಲಿ ಒಂದೇ ಮನೆ. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಟ್ರಂಕಿನಲ್ಲಿದ್ದವು, ಟ್ರಂಕು ನೀರಿನಲ್ಲಿತ್ತು. ಬಿದ್ದ ಮನೆ ಹಿಂದೆ ಹೇಗಿತ್ತು ಎಂದು ತೋರಿಸಲು ಒಂದು ಫೋಟೋ ಇರಲಿಲ್ಲ. ಮಗಳ ಮದುವೆಯ ಆಲ್ಬಮಿನಲ್ಲಿ ಹಂದರದ ಹಿಂದೆ ಅರ್ಧ ಗೋಡೆ ಕಂಡಿತು, ಅದೇ ನಮ್ಮ ಕೈಹಿಡಿಯಿತು. ಆರು ತಿಂಗಳು ಅಲೆದೆವು.

ಅದಕ್ಕೆ ಹೇಳುತ್ತೇನೆ, ವಾರಸಾ ಮಾಡಿಸುವುದು ಆಪತ್ತಿನ ಸಿದ್ಧತೆ. ಅಣ್ಣತಮ್ಮಂದಿರ ವಾಟ್ನಿಯನ್ನು ಕಾಗದಕ್ಕೆ ಇಳಿಸುವುದು ಆಪತ್ತಿನ ಸಿದ್ಧತೆ. ಜೂನಿನ ಮೊದಲ ಅಮಾವಾಸ್ಯೆಗೆ ಮನೆಯ ನಾಲ್ಕೂ ಗೋಡೆ, ಕೊಟ್ಟಿಗೆ, ಪಂಪಸೆಟ್ಟು, ದನ ಎಲ್ಲವುಗಳ ಎದುರು ಮನೆಯವರು ನಿಂತು ಫೋಟೋ ತೆಗೆಸಿ ಎತ್ತರದ ಊರಿನ ಮಗಳ ಫೋನಿಗೆ ಕಳಿಸಿ. ಡಿಜಿಲಾಕರಿನಲ್ಲಿ ಇಟ್ಟ ಆಧಾರ್‌ಗೆ, ಚಾಲನಾ ಪರವಾನಗಿಗೆ ಮೂಲ ಕಾಗದದಷ್ಟೇ ಬೆಲೆ ಇದೆ. ಉಳಿದವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿ. ಟ್ರಂಕಿನ ತಳದಲ್ಲಿ ಬೇಡ.

ಈ ದತ್ತಿಯನ್ನು ಇಟ್ಟ ಹಿರಿಯರು ಒಂದು ಗಂಟು ಇಟ್ಟು, ಅದನ್ನು ಮುಟ್ಟದೆ ಬಡ್ಡಿಯಲ್ಲಿ ವರ್ಷಕ್ಕೊಂದು ಮಾತು ನಡೆಯಲಿ ಎಂದರು. ಮನೆಯಲ್ಲೂ ಮುಟ್ಟದ ಅಂಥ ಒಂದು ಸಣ್ಣ ಗಂಟು ಇರಬೇಕು. ನೆರೆಯ ದಿನಗಳಲ್ಲಿ ಕರೆಂಟು ಹೋಗುತ್ತದೆ, ಟವರು ಹೋಗುತ್ತದೆ, ಫೋನಿನ ರೊಕ್ಕ ಫೋನಿನಲ್ಲೇ ಉಳಿಯುತ್ತದೆ. ನೂರು, ಐವತ್ತರ ನೋಟಿನಲ್ಲಿ ಎರಡು ಸಾವಿರ, ಆ ಕಾಗದದ ಚೀಲದಲ್ಲೇ ಇರಲಿ.

ಔಷಧದ ಮಾತಿಗೆ ಬರುತ್ತೇನೆ. ನಮ್ಮ ಭಾಗದವರಿಗೆ ದೊಡ್ಡ ದವಾಖಾನೆ ಎಂದರೆ ಮೀರಜ. ವಾನ್ಲೆಸ್ ಸಾಹೇಬರು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ಆರಂಭಿಸಿದ ಕಾಲದಿಂದ ನಮ್ಮ ಅಜ್ಜ-ಮುತ್ತಜ್ಜರು ಚಕ್ಕಡಿಯಲ್ಲಿ ಅಲ್ಲಿಗೆ ಹೋದವರು. ಕುಡಚಿ ಸೇತುವೆ ಮುಳುಗಿದ ದಿನ ಆ ರಸ್ತೆ ಬಂದ್. 2020ರಲ್ಲಿ ಕೊರೊನಾ ಬಂದಾಗ ಗಡಿಯ ಚೆಕ್‌ಪೋಸ್ಟುಗಳಲ್ಲಿ ಅದೇ ಆಯಿತು, ಆಗ ನೀರೂ ಇರಲಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸಿನ ಮಾತ್ರೆ ತೆಗೆದುಕೊಳ್ಳುವವರು ಜುಲೈನಿಂದ ಸೆಪ್ಟೆಂಬರಿನವರೆಗೆ ಕೈಯಲ್ಲಿ ಹದಿನೈದು ದಿನದ ಔಷಧ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಚೀಟಿಯ ಫೋಟೋ ಫೋನಿನಲ್ಲಿರಲಿ. ಕರೆಂಟಿಲ್ಲದಾಗ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆಯಲ್ಲಿ ಇಟ್ಟರೆ ತಂಪಾಗಿರುತ್ತದೆ. ಶ್ರಾವಣದಲ್ಲಿ ದಿನ ತುಂಬುವ ಬಸುರಿಯರನ್ನು ಆಷಾಢದಲ್ಲೇ ಹೊಳೆಯಿಂದ ದೂರದ ಊರಿಗೆ ಕಳಿಸಿಬಿಡಿ. ದಿನ ತುಂಬಿದ ಮೇಲೆ ಬೋಟು ಹುಡುಕುವ ಸ್ಥಿತಿ ಬೇಡ.

ನೀರು ಏರಿದಾಗ ಹಾವುಗಳೂ ಎತ್ತರ ಹುಡುಕುತ್ತವೆ. ಬಣವೆ, ಕಟ್ಟಿಗೆಯ ರಾಶಿ, ಗೋಡೆಯ ಬಿರುಕು ಅವಕ್ಕೂ ಆಸರೆ. ಕಡಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಂತ್ರದವರ ಹತ್ತಿರ ತಾಸು ಕಳೆಯಬೇಡಿ. ಕಡಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಫೋನು ಮಾಡಿ ದವಾಖಾನೆಗೆ ಹೋಗಿ. ವಿಷಕ್ಕೆ ಮದ್ದು ಅಲ್ಲಿ ಮಾತ್ರ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಮದ್ದು ಬೇಕೆಂಬ ಲೆಕ್ಕ ಇನ್ನಾದರೂ ಸಿಗಲಿ.

ಹಾರೂಗೇರಿಯವರು ಈಗ ಮನಸ್ಸಿನಲ್ಲೇ ಕೇಳುತ್ತಿರಬಹುದು, ಹೊಳೆ ನಮ್ಮ ಊರಿಗೆ ಬರುವುದಿಲ್ಲವಲ್ಲ ಎಂದು. ನಿಮ್ಮ ಆಪತ್ತು ಬೇರೆ ಬಾಗಿಲಿನಿಂದ ಬರುತ್ತದೆ. 2009ರ ಸೆಪ್ಟೆಂಬರ್ ಕಡೆಯ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಹೊಳೆಯಿಂದ ದೂರವಿದ್ದ ಮಣ್ಣಿನ ಮಾಳಿಗೆ ಮನೆಗಳೂ ಮಲಗಿದವರ ಮೇಲೆ ಕುಸಿದವು. ಮೇಲ್ಮುದ್ದೆ ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ. ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಅಂಥ ಗೋಡೆಯ ಬದಿಗೆ ಮಕ್ಕಳನ್ನು ಮಲಗಿಸಬೇಡಿ. ಹೊಸ ಬಿರುಕು ಕಂಡರೆ, ಮಣ್ಣು ಉದುರತೊಡಗಿದರೆ ಆ ರಾತ್ರಿಯೇ ಶಾಲೆಗೆ, ಗುಡಿಗೆ ಎದ್ದು ಹೋಗಿ. ತೋಟದಲ್ಲಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಒದ್ದೆ ಕೈಯಿಂದ ಮುಟ್ಟಬೇಡಿ, ನೀರು ಮನೆಯ ಹತ್ತಿರ ಬಂದರೆ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ. ನೀರು ಬೀಳದ ಬೋರಿನ ಬಾಯಿ ತೆರೆದು ಬಿಡಬೇಡಿ. 2017ರ ಏಪ್ರಿಲಿನಲ್ಲಿ ಪಕ್ಕದ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಕೂಸು ಅಂಥ ಬಾಯಿಯೊಳಗೆ ಹೋಯಿತು, ಜೀವಂತ ಮರಳಲಿಲ್ಲ. ಒಂದು ಕಲ್ಲುಚಪ್ಪಡಿ ಮುಚ್ಚಿದ್ದರೆ ಆ ಮಗು ಇವತ್ತು ಶಾಲೆಯಲ್ಲಿರುತ್ತಿತ್ತು.

ನಮ್ಮ ಹಿರಿಯರ ಆಪತ್ತು ನೀರಲ್ಲ, ಬರ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು, ಅವರ ಮೊಮ್ಮಕ್ಕಳ ಬಾಯಲ್ಲೂ ಉಳಿದಿತ್ತು. ಅದಕ್ಕೇ ಮನೆಯ ಮುಂದೆ ಹಗೇವು. ನೆಲದೊಳಗೆ ಗಡಿಗೆಯಾಕಾರದ ಗುಂಡಿ ತೋಡಿ, ಒಳಗೆ ಕಣಕಿ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದ ಒಂದು ಮಾತು ಈಗಿನವರಿಗೂ ಬೇಕು. ಹಗೇವು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಿಲ್ಲ ಎಂದು ಅರ್ಥ, ಇನ್ನೊಂದು ದಿನ ಕಾಯಬೇಕು. ಇವತ್ತು ಪಾಯಖಾನೆಯ ಗುಂಡಿಗೆ, ಗೋಬರ್ ಗ್ಯಾಸಿನ ತೊಟ್ಟಿಗೆ ಒಬ್ಬ ಇಳಿದು ಬೀಳುತ್ತಾನೆ, ಎತ್ತಲು ಹೋದ ಇನ್ನಿಬ್ಬರೂ ಬೀಳುತ್ತಾರೆ. ಅಲ್ಲಂತೂ ದೀಪ ಬಿಡಲೂ ಆಗದು, ಹೊತ್ತಿಕೊಳ್ಳುವ ಗ್ಯಾಸು ಇರುತ್ತದೆ. ಇಳಿಯಲೇಬಾರದು. ಅಜ್ಜಿಗೆ ಗೊತ್ತಿದ್ದ ಭಯ ನಮಗೆ ಗೊತ್ತಿಲ್ಲ.

ಕಬ್ಬು ಬಂತು, ಕಾಲುವೆ ಬಂತು, ನೆಲದ ತೇವ ಏರಿತು, ಹಗೇವುಗಳು ಮುಚ್ಚಿದವು. ಈಗ ಜೋಳ ಬೆಳೆಯುತ್ತಿದ್ದ ಮನೆಯವರೇ ಜೋಳವನ್ನು ಸಂತೆಯಲ್ಲಿ ಕೊಳ್ಳುತ್ತಾರೆ. ಕಾರ್ಖಾನೆಯ ಬಿಲ್ಲು ಬರುವವರೆಗೆ ಉದ್ರಿ. 2020ರ ಲಾಕ್‌ಡೌನಿನಲ್ಲಿ ಸಂತೆ ನಿಂತಾಗ ಯಾರ ಮನೆಯಲ್ಲಿ ಎರಡು ಚೀಲ ಜೋಳವಿತ್ತೋ ಅವರ ಮುಖ ಬೇರೆ ಇತ್ತು. ಹೊಳೆಯ ಮಾತನ್ನೇ ತೆಗೆದುಕೊಂಡರೂ, 2019ರ ಮೇ ತಿಂಗಳಲ್ಲಿ ಇದೇ ಕೃಷ್ಣೆ ಒಣಗಿ, ಕುಡಿಯಲು ಕೊಯ್ನಾ ನೀರು ಬಿಡಿ ಎಂದು ನಾವು ಮಹಾರಾಷ್ಟ್ರವನ್ನು ಕೇಳುತ್ತಿದ್ದೆವು. ಮೂರು ತಿಂಗಳಲ್ಲಿ ಅದೇ ಪಾತ್ರದಲ್ಲಿ ಮಹಾಪೂರ. ಒಂದೇ ವರ್ಷಕ್ಕೆ ಎರಡು ಸಿದ್ಧತೆ ಬೇಕಾದ ನೆಲ ನಮ್ಮದು. ತುಂಬಿದ ನಾಲ್ಕು ಕೊಡ, ಬೇವಿನ ಎಲೆ ಬೆರೆಸಿಟ್ಟ ಎರಡು ಚೀಲ ಜೋಳ, ಅಟ್ಟದ ಮೇಲೆ.

ಮತ್ತು ಹಾರೂಗೇರಿಯವರೆ, ಹೊಳೆದಂಡೆಯವರ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಸ್ತು ನಿಮ್ಮ ಮನೆ. ನಿಮ್ಮ ಪಡಸಾಲೆ, ನಿಮ್ಮ ತೋಟದ ಮೂಲೆ, ನಿಮ್ಮ ಬೋರಿನ ನೀರು. ಕಾಳಜಿ ಕೇಂದ್ರಗಳು ಬೇಕು, ಅಲ್ಲಿ ದುಡಿಯುವವರಿಗೆ ನಮಸ್ಕಾರ. ಆದರೆ ಕರೆಯದೆ ಬರಲು ಸಂಕೋಚಪಡುವ ಮುದುಕರಿಗೆ, ಕೇಂದ್ರದ ನೂರು ಜನರ ನಡುವೆ ಸೀರೆ ಬದಲಿಸಲು ಜಾಗವಿಲ್ಲದ ಹೆಣ್ಣುಮಕ್ಕಳಿಗೆ ನಿಮ್ಮ ಒಂದು ಕೋಣೆ ದೊಡ್ಡದು. ಮಿರಗದ ಮಳೆ ಬೀಳುವ ಮೊದಲೇ ಒಂದು ಫೋನು ಮಾಡಿ, "ಈ ಸಲ ನೀರ ಬಂದ್ರ ನಮ್ಮಲ್ಲೇ ಬರ್ರಿ, ದನಾನೂ ಹೊಡಕೊಂಡ ಬರ್ರಿ" ಎಂದು ಹೇಳಿಬಿಡಿ. ಆ ಮಾತು ಕೇಳಿದ ಮನೆ ಅರ್ಧ ದಿನ ಮೊದಲು ಹೊರಡುತ್ತದೆ.

ನಮ್ಮ ಮನೆಯಲ್ಲಿ ಹಾಗೇ ಆಯಿತು. 2021ರ ಜುಲೈನಲ್ಲಿ ಅಕ್ಕ ಫೋನು ಮಾಡುವ ಮೊದಲೇ ಅಪ್ಪ ಕಣ್ಣಿ ಬಿಚ್ಚಿದ್ದ. ಹೊಸ ಮನೆಯ ಮೆಟ್ಟಿಲುಗಳೆಲ್ಲ ಮುಳುಗಿದವು, ನಾವು ಏನೂ ಕಳೆದುಕೊಳ್ಳಲಿಲ್ಲ. 2024ರ ಜುಲೈ ಕಡೆಯಲ್ಲಿ ಕುಡಚಿ ಸೇತುವೆ ಮತ್ತೆ ಮುಳುಗಿತು. ನೋಟುಪುಸ್ತಕ ನೋಡಿ ಅಪ್ಪ ಹೊರಟ, ಮುಂದೆ ಎಮ್ಮೆ, ಹಿಂದೆ ಕೋಲು ಹಿಡಿದು ತಾನು, ಟ್ರ್ಯಾಕ್ಟರಿನಲ್ಲಿ ಅವ್ವ ಮತ್ತು ರೊಟ್ಟಿಯ ಗಂಟು. ಆ ವರ್ಷ ನೀರು ನಮ್ಮ ಹಿತ್ತಲಿಗೂ ಬರಲಿಲ್ಲ. ಮರಳಿ ಬಂದಾಗ ಊರ ಕಟ್ಟೆಯ ಮೇಲೆ ಕೂತವರೊಬ್ಬರು ಕೇಳಿದರು, "ಯಾಕ ಕಾಕಾ, ಸುಮ್ಮನ ತ್ರಾಸ ತಗೊಂಡ್ರಿ?"

ಅಪ್ಪ ಎಮ್ಮೆಯನ್ನು ಗೂಟಕ್ಕೆ ಕಟ್ಟುತ್ತ ಹೇಳಿದ: "ತ್ರಾಸ ಏನ ಬಂತಪಾ, ನಾಕ ದಿನ ಮಗಳ ಮನ್ಯಾಗ ಇದ್ದ ಬಂದ್ವಿ."